ಗಾಣದೆತ್ತಿನ ಸಾಕ್ಷಿ

ಅಥವಾ ಮಗನಿಗೆ ನಿಜವಾಗಿಯೂ ಕಂಡಿತ್ತೇನೋ. ಆ ವಿಮಾನವಲ್ಲದಿದ್ದರೆ ಅದರ ಹಿಂದೆ ಬರುತ್ತಿದ್ದ ಇನ್ನೊಂದು. ಅದೂ ಅಲ್ಲದಿದ್ದರೆ ಸರೋವರದ ಆಚೆ ದಡದ ಯಾವುದೋ ಕಂಬದ ದೀಪ. ಏನೋ ಒಂದು ಹೊಳೆದಿರಬೇಕು, ಅದನ್ನು ನೋಡಿಯೇ ಅವನು ‘ಕಾಣ್ತಿದೆ’ ಅಂದಿರಬೇಕು. ಏನೂ ಕಾಣದೆ ಹಾಗೆ ಹೇಳುವ ಹುಡುಗನಲ್ಲ ಅವನು. ಆದರೆ ಸಂಜೆಯ ಆ ಹೊತ್ತಿನಲ್ಲಿ ಪಡುವಣಕ್ಕೆ ಮುಖಮಾಡಿ ಹಾರುವವನಿಗೆ ಏನು ತಾನೇ ಹೊಳೆದೀತು? ಮುಳುಗುವ ಸೂರ್ಯ ನೇರ ಕಣ್ಣಿಗೆ. ಕೆಳಗೆ ನೀರಿನ ತುಂಬ ಅದೇ ಸೂರ್ಯ. ಆ ದಾರಿಯಲ್ಲಿ ತಾನೇ ಅದೆಷ್ಟು ಸಂಜೆ ಕಣ್ಣು ಕಿರಿದು ಮಾಡಿಕೊಂಡು ಹುಡುಕಿಲ್ಲ! ಏನೂ ಕಾಣುತ್ತಿರಲಿಲ್ಲ. ಅವನಿಗೂ ಕಂಡಿರಲಾರದು.

ಕಂಡಿರಲಾರದು ಎಂದು ಒಳಗೆ ಹೋಗಿ ಹೇಳುವುದೋ ಬೇಡವೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ.

ಹಾರಾಟದ ಹೊಸ ಮಸೂದೆಯ ವಿಚಾರಣೆ ನಡೆಸುತ್ತಿದ್ದ ಸಮಿತಿಯ ಕೋಣೆಯ ಹೊರಗೆ ಉದ್ದನೆಯ ಓಣಿ. ಎರಡೂ ಗೋಡೆಗಳಿಗೆ ಒರಗಿಸಿದ ಬೆಂಚುಗಳು. ಎದುರಿನ ಬೆಂಚುಗಳಲ್ಲಿ ಸತ್ತ ಪ್ರಯಾಣಿಕರ ಮನೆಯವರು ಕೂತಿದ್ದರು. ಎಲ್ಲರ ಎದೆಯ ಮೇಲೂ ಪಿನ್ನು ಚುಚ್ಚಿದ ಒಂದೊಂದು ಸಣ್ಣ ಫೋಟೊ. ಈ ಕಡೆಯ ಬೆಂಚಿನಲ್ಲಿ ಅವನೊಬ್ಬನೇ. ಅವನ ಹತ್ತಿರವೂ ಫೋಟೊ ಇತ್ತು, ಆದರೆ ಅಂಗಿಯ ಜೇಬಿನೊಳಗೆ. ಅದನ್ನು ಹೊರಗೆ ತೆಗೆದು ಚುಚ್ಚಿಕೊಳ್ಳುವ ಹಕ್ಕು ತನಗಿದೆಯೇ ಎಂದು ಬೆಳಗಿನಿಂದ ಯೋಚಿಸಿ, ಕೊನೆಗೆ ಪಿನ್ನನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಏಕೆಂದರೆ ಆ ಸಂಜೆ ಇಳಿಯುತ್ತಿದ್ದ ಪ್ರಯಾಣಿಕರ ವಿಮಾನಕ್ಕೆ ಬಡಿದ ಸೇನೆಯ ಹೆಲಿಕಾಪ್ಟರನ್ನು ಹಾರಿಸುತ್ತಿದ್ದವನು ಅವನ ಮಗ. ಎರಡರಲ್ಲಿ ಯಾವುದರಿಂದಲೂ ಯಾರೂ ಬದುಕಿ ಬರಲಿಲ್ಲ.

ಟವರಿನವರ ಮತ್ತು ಮಗನ ಮಾತು ಆಮೇಲೆ ಎಲ್ಲ ಟೀವಿಗಳಲ್ಲೂ ಬಂತು. ‘ಇಳೀತಿರೋ ವಿಮಾನ ಕಾಣ್ತಿದೆಯಾ?’ ‘ಕಾಣ್ತಿದೆ. ಅಂತರ ನಾವೇ ನೋಡ್ಕೋತೀವಿ.’ ಆಮೇಲೆ ಒಂದು ಮೌನ. ಜನಕ್ಕೆ ಆ ಎರಡು ಮಾತು ಬಾಯಿಪಾಠವಾಗಿದ್ದವು. ಅವನಿಗೆ ಆ ಮೌನ ಬಾಯಿಪಾಠವಾಗಿತ್ತು.

ನಿಯಮ ಇದ್ದದ್ದೇ ಹಾಗೆ. ಕಾಣ್ತಿದೆ ಎಂದು ಹೆಲಿಕಾಪ್ಟರಿನವನು ಹೇಳಿದರೆ ಅಲ್ಲಿಗೆ ಟವರಿನವರ ಹೊಣೆ ಮುಗಿಯಿತು. ಇನ್ನು ತಪ್ಪಿಸಿಕೊಂಡು ಹೋಗುವುದು ಹೇಳಿದವನ ಪಾಡು. ಕಾಣ್ತಿಲ್ಲ ಎಂದರೆ ದಾರಿ ಬಿಡುವುದಿಲ್ಲ. ಊರಾಚೆಯ ನೀರಿನ ಟ್ಯಾಂಕಿನ ಮೇಲೆ ಸುತ್ತು ಹೊಡೆಯುತ್ತಿರಬೇಕು, ವಿಮಾನ ನೆಲ ಮುಟ್ಟುವವರೆಗೆ. ಅದು ಮುಟ್ಟುವಷ್ಟರಲ್ಲಿ ಅದರ ಹಿಂದೆ ಇನ್ನೊಂದು. ಯಾರಿಗೆ ಬೇಕು ಈ ಸುತ್ತಾಟ? ಹಾಗಾಗಿ ಸೇನೆಯ ಹೆಲಿಕಾಪ್ಟರಿನವರೆಲ್ಲ ಮೊದಲು ‘ಕಾಣ್ತಿದೆ’ ಅನ್ನುತ್ತಿದ್ದರು, ಆಮೇಲೆ ಹುಡುಕುತ್ತಿದ್ದರು. ಇದನ್ನು ಯಾರೂ ಯಾರಿಗೂ ಕಲಿಸಲಿಲ್ಲ. ಬಂದ ಕೆಲವೇ ದಿನಗಳಲ್ಲಿ ಹೊಸಬರಿಗೂ ತಾನಾಗಿ ಬರುತ್ತಿತ್ತು, ಊರಿನ ಧೂಳು ಬಟ್ಟೆಗೆ ಹತ್ತಿಕೊಳ್ಳುವಂತೆ.

ಒಬ್ಬನಿಗೆ ಮಾತ್ರ ಅದು ಹತ್ತಲಿಲ್ಲ. ಅವನು ಕಾಣದಿದ್ದರೆ ಕಾಣ್ತಿಲ್ಲ ಎನ್ನುತ್ತಿದ್ದ. ಟ್ಯಾಂಕಿನ ಮೇಲೆ ಸುತ್ತುತ್ತಿದ್ದ. ಎಲ್ಲರೂ ಇಳಿದು, ಉಂಡು, ಕೈ ತೊಳೆದ ಮೇಲೆ ಇಳಿಯುತ್ತಿದ್ದ. ಊಟದ ಮನೆಯ ಬಾಗಿಲಲ್ಲಿ ಅವನ ತಲೆ ಕಂಡ ಕೂಡಲೇ ಯಾರಾದರೊಬ್ಬರು ಕೂಗುತ್ತಿದ್ದರು: “ಬಂತಪ್ಪಾ ಗಾಣದೆತ್ತು! ಏನಯ್ಯಾ, ಇವತ್ತು ಎಣ್ಣೆ ಎಷ್ಟು ಬಂತು?” ಅವನ ಹೆಸರು ಹೋಗಿ ಗಾಣದೆತ್ತೇ ಉಳಿಯಿತು. ನಿವೃತ್ತಿಯ ದಿನ ಹಾರ ಹಾಕಿದವರೂ ಹಾಗೇ ಕರೆದರು. ಅವನು ನಗುತ್ತಿದ್ದ. ಒಳಗೊಳಗೆ ಆ ಹೆಸರನ್ನು ಪದಕದಂತೆ ಇಟ್ಟುಕೊಂಡಿದ್ದ.

ಮಗ ಅದೇ ಪಡೆಗೆ ಸೇರಿದಾಗ ಹಳಬರು ಅವನನ್ನು ಏನೆಂದು ಕರೆದಿರಬಹುದು ಎಂಬುದು ಊಹಿಸಲಾರದ್ದೇನಲ್ಲ. ಒಮ್ಮೆ ರಜೆಗೆ ಬಂದಾಗ ಮಗನೇ ಶೂ ಬಿಚ್ಚುತ್ತಾ ಹೇಳಿದ್ದ: “ಅಪ್ಪಾ, ನಿಮ್ಮಿಂದಾಗಿ ನನ್ನನ್ನ ಎಲ್ಲರೂ ಕರು ಅಂತಾರೆ. ಕರು ಗಾಣಕ್ಕೆ ಯಾವಾಗ ಬರುತ್ತೆ ಅಂತ ಕೇಳ್ತಾರೆ.” ಇಬ್ಬರೂ ನಕ್ಕಿದ್ದರು. ಮಗನ ನಗು ತುಸು ಬೇಗ ನಿಂತಿತ್ತು ಎಂದು ಈಗ ಅನ್ನಿಸುತ್ತಿತ್ತು. ಕರು ಅಲ್ಲ ಎಂದು ತೋರಿಸಿಕೊಳ್ಳುವ ಆತುರದಲ್ಲಿ ಆ ಸಂಜೆ... ಅದರಾಚೆ ಯೋಚನೆ ಹೋಗುತ್ತಿರಲಿಲ್ಲ. ಅಲ್ಲೇ ಸುತ್ತುತ್ತಿತ್ತು.

“ಕಾಫಿ ತಗೊಳ್ಳಿ ಸಾರ್.”

ಮೇಷ್ಟ್ರು ಎದುರು ನಿಂತಿದ್ದರು, ಎರಡೂ ಕೈಯಲ್ಲಿ ಕಾಗದದ ಲೋಟ. ಅವರು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವವರು. ಅವರ ಹೆಂಡತಿ ಆ ವಿಮಾನದಲ್ಲಿದ್ದರು. ಈ ಮಸೂದೆಗಾಗಿ ಮನೆಯವರನ್ನೆಲ್ಲ ಕಲೆಹಾಕಿ, ಸದಸ್ಯರ ಬಾಗಿಲು ಬಾಗಿಲು ಅಲೆದವರು ಅವರೇ. ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವನ ಮನೆಗೂ ಬಂದಿದ್ದರು.

“ನಿಮ್ಮನ್ನ ದ್ವೇಷ ಮಾಡ್ಬೇಕು ಅಂತ ತುಂಬಾ ಒದ್ದಾಡಿದೆ, ಆಗ್ಲಿಲ್ಲ,” ಎಂದಿದ್ದರು ಅಂದು, ಕುರ್ಚಿಯ ತುದಿಯಲ್ಲಿ ಕೂತು. “ನಿಮ್ಮ ಮಗನ ಮೇಲೆ ಸಿಟ್ಟು ಇನ್ನೂ ಇದೆ. ಅದನ್ನ ಮುಚ್ಚಿಡಲ್ಲ. ಆದ್ರೆ ಒಂದು ವಿಷಯ ಅರ್ಥ ಮಾಡಿಸಿ. ಈ ಲೋಟ ವಿಮಾನ, ಈ ಲೋಟ ಹೆಲಿಕಾಪ್ಟರ್ ಅಂದ್ಕೊಳ್ಳಿ. ಕಾಣದೆ ಕಾಣ್ತಿದೆ ಅಂತ ಯಾಕೆ ಹೇಳ್ತಾರೆ ಮನುಷ್ಯರು?”

ಅವನು ಎಲ್ಲವನ್ನೂ ಹೇಳಿದ್ದ. ಟ್ಯಾಂಕಿನ ಸುತ್ತು, ಸೂರ್ಯ, ಮೊದಲು ಹೇಳಿ ಆಮೇಲೆ ಹುಡುಕುವ ರೂಢಿ. ಮೇಷ್ಟ್ರು ಮೇಜಿನ ಮೇಲೆ ಲೋಟಗಳನ್ನು ಸರಿಸುತ್ತಾ ಕೇಳಿದ್ದರು. ಒಂದಕ್ಕೊಂದು ತಾಗದಂತೆ ಅವರು ಎಚ್ಚರ ವಹಿಸುತ್ತಿದ್ದದ್ದು ಅವನ ಕಣ್ಣಿಗೆ ಬಿದ್ದಿತ್ತು. “ಇದನ್ನೇ ಅಲ್ಲಿ ಬಂದು ಹೇಳಿ ಸಾರ್. ಇನ್ನೇನೂ ಬೇಡ,” ಎಂದು ಎದ್ದಿದ್ದರು.

ಮಸೂದೆಯಲ್ಲಿ ಮುಖ್ಯವಾಗಿ ಎರಡು ಮಾತಿದ್ದವು. ಹಾರುವ ಪ್ರತಿಯೊಂದರಲ್ಲೂ, ಸೇನೆಯದಾದರೂ ಸರಿ, ತಾನು ಎಲ್ಲಿದ್ದೇನೆಂದು ಸುತ್ತಲಿನವಕ್ಕೆ ತಿಳಿಸುವ ಮತ್ತು ಸುತ್ತಲಿನವು ಎಲ್ಲಿವೆ ಎಂದು ತೋರಿಸುವ ಯಂತ್ರವಿರಬೇಕು, ಅದು ಸದಾ ಚಾಲೂ ಇರಬೇಕು. ರನ್‌ವೇ ಹತ್ತಿರ ಬರೀ ಕಣ್ಣಿನ ಮಾತು ನಂಬಿ ಯಾರಿಗೂ ದಾರಿ ಬಿಡಕೂಡದು. ಸೇನೆಯವರು ಎರಡನ್ನೂ ವಿರೋಧಿಸಿದ್ದರು. ನಮ್ಮವರ ಕಣ್ಣು ಪಳಗಿದ ಕಣ್ಣು, ಒಬ್ಬನ ತಪ್ಪಿಗೆ ದೇಶಕ್ಕೆಲ್ಲ ಕಾನೂನು ಯಾಕೆ ಎಂಬುದು ಅವರ ವಾದ. ಸಮಿತಿಯಲ್ಲಿ ಅರ್ಧ ಜನ ಅದಕ್ಕೆ ತಲೆಯಾಡಿಸುತ್ತಿದ್ದರು.

ಒಬ್ಬನ ತಪ್ಪು. ಆ ಒಬ್ಬ ಜೇಬಿನೊಳಗೆ, ಎದೆಗೆ ಒತ್ತಿಕೊಂಡು ಕೂತಿದ್ದ.

“ನಿಮ್ಮ ಸೊಸೆ ಬಂದಿದಾರಾ?” ಮೇಷ್ಟ್ರು ಕೇಳಿದರು.

“ಬಂದಿದಾಳೆ. ಒಳಗೆ ಹಿಂದಿನ ಸಾಲಲ್ಲಿ ಕೂತಿದಾಳೆ. ಇಲ್ಲಿ ನಿಮ್ಮವರ ಎದುರಿಗೆ ಕೂರೋದು ಬೇಡ ಅಂದ್ಲು.”

ಮೇಷ್ಟ್ರು ಲೋಟದೊಳಗೆ ನೋಡಿದರು.

ಬೆಳಿಗ್ಗೆ ಬಸ್ಸಿನಲ್ಲಿ ಸೊಸೆ ಕಿಟಕಿಯ ಕಡೆಗೆ ಮುಖ ಮಾಡಿಯೇ ಕೂತಿದ್ದಳು. ಇಳಿಯುವ ಮೊದಲು ಮಾತ್ರ ತಿರುಗಿದ್ದಳು. “ಮಾವ, ಒಂದು ಮಾತು ಕೇಳ್ತೀನಿ, ನಡೆಸಿಕೊಡ್ತೀರಾ?”

“ಹೇಳಮ್ಮ.”

“ಬೇರೆ ಯಾವುದೋ ವಿಮಾನ ನೋಡಿದ್ರು ಅನ್ನಿ. ಬಿಸಿಲಿಗೆ ಕಣ್ಣು ಕತ್ತಲಾಯ್ತು ಅನ್ನಿ. ಏನ್ ಬೇಕಾದ್ರೂ ಅನ್ನಿ. ಸುಳ್ಳು ಹೇಳಿದ್ರು ಅಂತ ಮಾತ್ರ ನಿಮ್ಮ ಬಾಯಿಂದ ಬರಬಾರದು. ಬೇರೆಯವರು ಅಂದ್ರೆ ತಡ್ಕೋತೀನಿ. ಸ್ಕೂಲಲ್ಲಿ ಮಗೂಗೆ ಈಗ್ಲೇ ಅಂತಿದಾರೆ. ತಾತಾನೂ ಅಂದ್ರೆ ಅದಕ್ಕೆ ನಾನೇನು ಹೇಳ್ಲಿ?”

ಅವನು “ನೋಡೋಣಮ್ಮ” ಅಂದಿದ್ದ. ಇಡೀ ಜೀವನ ಕಂಡರೆ ಕಂಡಿದೆ, ಇಲ್ಲದಿದ್ದರೆ ಇಲ್ಲ ಅಂದವನ ಬಾಯಿಂದ ಬಂದ ಮಾತು ಅದು.

ಒಳಗಿನಿಂದ ಅವನ ಹೆಸರು ಕೂಗಿದರು. ಅವನು ಎದ್ದ.

ಕೋಣೆ ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಕುದುರೆಯ ಲಾಳದಂತೆ ಬಾಗಿದ ಮೇಜು, ನಡುವೆ ಬಿಳಿಗೂದಲಿನ ಅಧ್ಯಕ್ಷೆ, ಎರಡೂ ಕಡೆ ಸದಸ್ಯರು. ಸಾಕ್ಷಿಯ ಮೇಜಿನ ಮೇಲೆ ಮೈಕು ಮತ್ತು ಒಂದು ಲೋಟ ನೀರು. ಪಕ್ಕದ ಮೇಜಿನಲ್ಲಿ ಸೇನೆಯ ಪರವಾಗಿ ಬಂದ ಹಿರಿಯ ಅಧಿಕಾರಿ. ಅವನನ್ನು ನೋಡಿದ್ದೇ ಇವನ ಹೆಜ್ಜೆ ಒಂದು ಕ್ಷಣ ತಡೆಯಿತು. ಎಷ್ಟೋ ವರ್ಷ ಪಕ್ಕದ ಸೀಟಿನಲ್ಲಿ ಕೂತು ಹಾರಿದವನು, ಗಾಣದೆತ್ತು ಎಂದು ಹೆಸರಿಟ್ಟವನೇ ಅವನು. ಈಗ ಕೂದಲಿಗೆ ಬಣ್ಣ, ಎದೆಯ ಮೇಲೆ ಪದಕದ ಪಟ್ಟಿಗಳ ಸಾಲು. ಕಣ್ಣಲ್ಲೇ ಗುರುತು ಹಿಡಿದ, ಮುಖ ಬಿಗಿದುಕೊಂಡ.

ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು. ಆ ಮಾತುಗಳನ್ನು ಹೇಳುವಾಗ ಅವನಿಗೆ ಯಾವ ಅಳುಕೂ ಇರಲಿಲ್ಲ. ಅಷ್ಟೊತ್ತಿಗೆ ಅವನು ನಿಶ್ಚಯಿಸಿದ್ದ: ಇರುವುದನ್ನು ಇರುವ ಹಾಗೆ ಹೇಳುವುದು. ಸೊಸೆ ಕ್ಷಮಿಸುತ್ತಾಳೆ, ಇವತ್ತಲ್ಲದಿದ್ದರೆ ಮುಂದೊಂದು ದಿನ.

ಹೇಳಿದ. ಸೂರ್ಯನನ್ನು ಹೇಳಿದ, ಸುತ್ತನ್ನು ಹೇಳಿದ. “ಕಾಣ್ತಿದೆ ಅನ್ನೋದು ಅಲ್ಲಿ ನೋಡಿ ಹೇಳೋ ಮಾತಲ್ಲ. ದಾರಿ ಬಿಡಿ ಅಂತ ಕೇಳೋ ಮಾತು. ನನ್ನ ಮಗ ಹೊಸದಾಗಿ ಏನೂ ಹೇಳಲಿಲ್ಲ. ಎಲ್ಲರೂ ಹೇಳೋದನ್ನೇ ಹೇಳಿದ.”

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಅವನು ತಿರುಗಲಿಲ್ಲ.

ತೆಳ್ಳಗಿನ ಸದಸ್ಯನೊಬ್ಬ ಮೈಕನ್ನು ಹತ್ತಿರ ಎಳೆದುಕೊಂಡ. ಮಾತು ಬಲು ಮೆತ್ತಗೆ. “ಎಲ್ಲರೂ ಅಂದ್ರೆ ಯಾರು? ಒಂದು ಹೆಸರು ಹೇಳಿ.”

ಹೆಸರು ಪಕ್ಕದ ಮೇಜಿನಲ್ಲೇ ಕೂತಿತ್ತು. ಆದರೆ ಹೆಸರು ಹೇಳಿದರೆ ಅದು ಇನ್ನೊಬ್ಬನ ತಪ್ಪಾಗುತ್ತದೆ, ರೂಢಿಯಾಗುವುದಿಲ್ಲ. ಆ ಇನ್ನೊಬ್ಬ ‘ಇಲ್ಲ’ ಅಂದುಬಿಟ್ಟರೆ ಎಲ್ಲ ಅಲ್ಲಿಗೇ ಮುಗಿಯಿತು.

“ಹೆಸರು ಹೇಳಲ್ಲ.”

“ಹೇಳಲ್ವೋ, ಹೇಳೋಕೆ ಹೆಸರೇ ಇಲ್ವೋ?” ಯಾರೋ ನಕ್ಕರು. “ಹೋಗ್ಲಿ ಬಿಡಿ, ಬೇರೆಯವರ ಸುದ್ದಿ ನಮಗ್ಯಾಕೆ. ನಿಮ್ಮದನ್ನೇ ಹೇಳಿ. ನಿಮ್ಮ ಸೇವೆಯ ವಿವರ ನೋಡಿದೆ. ಅಷ್ಟು ವರ್ಷ ಅದೇ ದಾರೀಲಿ ಹಾರಿಸಿದೀರಿ, ಒಂದು ಗೀರೂ ಆಗಿಲ್ಲ. ಇದೇ ನಿಯಮ, ಇದೇ ಸೂರ್ಯ. ನೀವು ಯಾವತ್ತಾದ್ರೂ ಕಾಣದೆ ಇರೋ ವಿಮಾನನ ಕಾಣ್ತಿದೆ ಅಂತ ಹೇಳಿದ್ರಾ?”

ಅವನಿಗೆ ಬಲೆ ಕಂಡಿತು. ಬಿಸಿಲಿಲ್ಲದ ಆಕಾಶದಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಂಡಿತು. ಇಲ್ಲ ಎಂಬುದು ನಿಜ. ಇಲ್ಲ ಅಂದರೆ, ನೋಡಿ, ಇದೇ ನಿಯಮದಲ್ಲಿ ಪ್ರಾಮಾಣಿಕ ಮನುಷ್ಯನೊಬ್ಬ ಹಾರಿಸಿ ತೋರಿಸಿದ್ದಾನೆ, ನಿಯಮದಲ್ಲಿ ಊನವಿಲ್ಲ, ಮಗನಲ್ಲಿತ್ತು ಎಂದಾಗುತ್ತದೆ. ಮಸೂದೆ ಇಲ್ಲೇ ಬೀಳುತ್ತದೆ. ಇನ್ನೊಂದು ಸಂಜೆ ಇನ್ನೊಬ್ಬ ಹುಡುಗ ಸೂರ್ಯನಿಗೆ ಮುಖಮಾಡಿ ಅದೇ ಮಾತು ಹೇಳುತ್ತಾನೆ. ಅವನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದ ಒಂದೇ ಒಂದು ಒಳ್ಳೆಯತನ ಈಗ ಮಗನ ಕುತ್ತಿಗೆಗೆ ಬಂದಿತ್ತು.

ನೀರಿನ ಲೋಟದ ಮೇಲೆ ಕಿಟಕಿಯ ಬೆಳಕು ಬಿದ್ದು ಹೊಳೆಯುತ್ತಿತ್ತು.

“ಹೇಳಿದೀನಿ,” ಅಂದ.

“ಏನಂದ್ರಿ?”

“ಕಾಣದೆ ಇದ್ರೂ ಕಾಣ್ತಿದೆ ಅಂತ ಹೇಳಿದೀನಿ.”

ತೆಳ್ಳಗಿನ ಸದಸ್ಯನ ಮುಖದ ನಗು ಹಾಗೇ ಉಳಿಯಿತು, ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿದಂತಿರಲಿಲ್ಲ. “ಎಷ್ಟು ಸಲ?”

“ಲೆಕ್ಕ ಇಟ್ಟಿಲ್ಲ. ದಿನಾ ಹೇಳೋ ಮಾತಿಗೆ ಯಾರು ಲೆಕ್ಕ ಇಡ್ತಾರೆ?”

“ಮತ್ತೆ ನಿಮಗ್ಯಾಕೆ ಏನೂ ಆಗ್ಲಿಲ್ಲ?”

“ಎದುರಿಗೆ ಏನೂ ಬರಲಿಲ್ಲ, ಅದಕ್ಕೆ. ಅವನಿಗೆ ಬಂತು.”

ಅಧ್ಯಕ್ಷೆ ಮೊದಲ ಬಾರಿಗೆ ಕನ್ನಡಕ ತೆಗೆದರು. ಪಕ್ಕದ ಮೇಜಿನ ಕಡೆ ತಿರುಗಿದರು. “ನೀವು ಇವರ ಜೊತೆಗೇ ಹಾರಿಸ್ತಿದ್ರಲ್ಲ. ಇವರು ಹೇಳ್ತಿರೋದು ಸುಳ್ಳು ಅಂತೀರಾ?”

ಅಧಿಕಾರಿ ಅವನನ್ನು ನೋಡಿದ. ಅವನೂ ನೋಡಿದ. ಸುಳ್ಳು ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವರಿಬ್ಬರಿಗೇ. ಸುಳ್ಳು ಅನ್ನಬೇಕಾದರೆ ಅಧಿಕಾರಿ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಿತ್ತು: ಇವನೊಬ್ಬನೇ ಹಾಗೆ ಹೇಳದವನು, ಅದಕ್ಕೇ ನಾವು ಮಿಕ್ಕವರೆಲ್ಲ ಸೇರಿ ಇವನಿಗೆ ಆ ಹೆಸರಿಟ್ಟೆವು ಎಂದು. ಅಧಿಕಾರಿ ತನ್ನ ಮುಂದಿನ ಲೋಟವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದ.

“ನನಗೆ ನೆನಪಿಲ್ಲ, ಅಧ್ಯಕ್ಷರೇ.”

ಅಧ್ಯಕ್ಷೆ ಏನನ್ನೋ ಬರೆದುಕೊಂಡರು. ಅಲ್ಲಿಗೆ ಅವನ ಸರದಿ ಮುಗಿಯಿತು.

ಶೌಚಾಲಯದ ತೊಟ್ಟಿಯೆದುರು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಕನ್ನಡಿಯಲ್ಲಿ ಅಧಿಕಾರಿ ಕಾಣಿಸಿಕೊಂಡ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

“ಎಷ್ಟು ನೀಟಾಗಿ ಸುಳ್ಳು ಹೇಳಿದೆಯೋ. ನಿನ್ನ ಬಾಯಲ್ಲಿ ಇದು ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ಪಂದ್ಯ ಕಟ್ಟಿ ಸೋಲ್ತಿದ್ದೆ.”

“ಒಳಗೇ ಹೇಳ್ಬೇಕಿತ್ತು ನೀನು.”

“ಹೇಗೆ ಹೇಳ್ಲಿ? ಹೇಳೋ ಹಾಗೆ ಇಟ್ಟಿದ್ಯಾ ನನ್ನ?” ಅಧಿಕಾರಿಯ ದನಿ ಏರಿ ಇಳಿಯಿತು. “ನಾಳೆ ಪೇಪರಲ್ಲಿ ಏನು ಬರುತ್ತೆ ಗೊತ್ತಾ? ಅಪ್ಪ ಮಗ ಇಬ್ರೂ ಹಂಗೇ ಅಂತ. ನಮ್ಮವರು ಯಾರೂ ಇನ್ನು ನಿನ್ನ ಮನೆ ಮೆಟ್ಟಿಲು ಹತ್ತಲ್ಲ.”

“ಹತ್ತಬೇಡಿ.”

ಅಧಿಕಾರಿ ಟೋಪಿಯನ್ನು ಕೈಯಿಂದ ಕೈಗೆ ಬದಲಾಯಿಸಿದ. ಹೋಗಲು ತಿರುಗಿದವನು ನಿಂತ. “ಹುಡುಗ ಒಳ್ಳೆಯವನೋ. ಒಂದೆರಡು ಸಲ ಅವನೂ ನಿನ್ನ ಹಾಗೇ ಸುತ್ತು ಹೊಡೆದಿದ್ದ, ಶುರುವಲ್ಲಿ. ನಾವೇ ನಕ್ಕುಬಿಟ್ವಿ.”

ನಲ್ಲಿಯಿಂದ ನೀರು ಬೀಳುತ್ತಲೇ ಇತ್ತು. ಅದನ್ನು ನಿಲ್ಲಿಸಿದಾಗ ಅಧಿಕಾರಿ ಹೋಗಿದ್ದ.

ಓಣಿಯಲ್ಲಿ ಬೆಂಚುಗಳ ಎದುರಿಗೆ ಹಾದು ಹೋಗಬೇಕಿತ್ತು. ಯಾರೋ ಹೆಂಗಸು ತಲೆಯೆತ್ತದೆ, ಆದರೆ ಕೇಳಿಸುವಷ್ಟು ಜೋರಾಗಿ, “ಮನೆತನದ ವಿದ್ಯೆ,” ಅಂದರು. ಮೇಷ್ಟ್ರು ಎದ್ದು ಬಂದು ಅವನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು, ಹಿಡಿತ ಮಾತ್ರ ಗಟ್ಟಿಯಾಗಿರಲಿಲ್ಲ.

“ನನ್ನ ಹತ್ರ ಇದನ್ನ ಹೇಳಿರಲಿಲ್ಲ ನೀವು.”

“ಇಲ್ಲ ಮೇಷ್ಟ್ರೇ.”

“ಹೇಳಿದ್ದು ಒಳ್ಳೇದಾಯ್ತು,” ಎಂದು ಮೇಷ್ಟ್ರು ಕೈ ಬಿಟ್ಟರು. ಬಿಟ್ಟ ಕೈಯನ್ನು ತಮಗರಿವಿಲ್ಲದೆ ಅಂಗಿಗೆ ಒರೆಸಿಕೊಂಡರು.

ಸೊಸೆ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದಳು. ಚೀಲವನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡಿದ್ದಳು. ಅತ್ತಿರಲಿಲ್ಲ.

“ನೀವು ಕಲಿಸಿದ್ದಾ?”

ಅವನು ಒಂದು ಮೆಟ್ಟಿಲು ಕೆಳಗಿಳಿದು ನಿಂತ.

“ಅವರು ನನ್ನ ಹತ್ರ ಏನಂತಿದ್ರು ಗೊತ್ತಾ ಮಾವ? ಅಪ್ಪನ ಥರ ಹಾರಿಸೋಕೆ ನನ್ನ ಕೈಲಿ ಆಗಲ್ಲ ಕಣೇ, ಅಷ್ಟು ತಾಳ್ಮೆ ನನಗಿಲ್ಲ ಅಂತಿದ್ರು. ನಿಮ್ಮನ್ನ ದೇವರ ಹಾಗೆ ಇಟ್ಕೊಂಡಿದ್ರು.” ಅವಳ ದನಿ ಬರಿದಾಗಿತ್ತು. “ಈಗ ಗೊತ್ತಾಯ್ತಲ್ಲ ನೀವು ಹೇಗೆ ಹಾರಿಸ್ತಿದ್ರಿ ಅಂತ.”

ಒಂದು ಮಾತು ಸಾಕಿತ್ತು. ಅಲ್ಲೇ, ಆ ಮೆಟ್ಟಿಲ ಮೇಲೆ, ಪಿಸುಗುಟ್ಟಿದರೂ ಸಾಕಿತ್ತು. ಆದರೆ ಪ್ರಮಾಣ ಮಾಡಿ ಹೇಳಿದ ಸುಳ್ಳಿನ ಹಿಂದಿನ ನಿಜ ಒಬ್ಬರ ಕಿವಿಯಲ್ಲೇ ಉಳಿಯುವಂಥದ್ದಲ್ಲ. ಅವಳು ಗಂಡನ ಹೆಸರಿಗಾಗಿ ಒದ್ದಾಡುತ್ತಿದ್ದಳು. ಮಾವನ ಹೆಸರಿಗಾಗಿಯೂ ಒದ್ದಾಡುತ್ತಾಳೆ, ತಾಯಿಗೆ ಹೇಳುತ್ತಾಳೆ, ಶಾಲೆಯಲ್ಲಿ ಹೇಳುತ್ತಾಳೆ. ಒಂದು ದಿನ ಅದು ಆ ತೆಳ್ಳಗಿನ ಸದಸ್ಯನ ಕಿವಿ ಮುಟ್ಟುತ್ತದೆ.

“ಬಸ್ಸು ಬರುತ್ತೆ, ನಡಿಯಮ್ಮ,” ಅಂದ.

“ನೀವು ಹೋಗಿ. ನಾನು ಆಮೇಲೆ ಬರ್ತೀನಿ.”

ಅವಳು ಆಮೇಲೆ ಬರಲಿಲ್ಲ. ತಾಯಿಯ ಮನೆಗೆ ಹೋದಳು, ಮಗುವಿನ ಶಾಲೆಯನ್ನೂ ಅಲ್ಲಿಗೇ ಬದಲಾಯಿಸಿದಳು. ಹಳೆಯ ಜೊತೆಗಾರರು ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದರು. ಬೀದಿಯ ತುದಿಯ ಅಂಗಡಿಯವನು ಚಿಲ್ಲರೆ ಕೊಡುವಾಗ ಮೊದಲಿನಂತೆ ಹವೆಯ ಸುದ್ದಿ ಎತ್ತುತ್ತಿರಲಿಲ್ಲ. ಮನೆಯಲ್ಲಿ ಅವನು ರೇಡಿಯೊ ಹಾಕುವುದನ್ನು ಬಿಟ್ಟ. ಮೌನಕ್ಕೆ ಒಗ್ಗಿದ ಕಿವಿಗೆ ಗೋಡೆಯಾಚೆಯ ನಲ್ಲಿಯ ಹನಿಯೂ ಮಾತಿನಂತೆ ಕೇಳುತ್ತಿತ್ತು.

ಮಸೂದೆ ಸಮಿತಿಯನ್ನು ದಾಟಿತು, ಆಮೇಲೆ ಸದನವನ್ನೂ. ಮೇಷ್ಟ್ರು ಫೋನು ಮಾಡಿದರು. “ಪಾಸಾಯ್ತು ಸಾರ್. ಯಂತ್ರ ಕೂರಿಸೋಕೆ ಸೇನೆಯವರಿಗೆ ಕೆಲವು ವರ್ಷ ಗಡುವು ಕೊಟ್ಟಿದಾರೆ. ಕಣ್ಣಿನ ಮಾತು ನಂಬಬಾರದು ಅನ್ನೋದು ಮಾತ್ರ ಇವತ್ತಿಂದಲೇ.” ಆಮೇಲೆ ಅವರ ದನಿ ತಗ್ಗಿತು. “ಖುಷಿ ಆಗುತ್ತೆ ಅಂದ್ಕೊಂಡಿದ್ದೆ. ಮನೆಗೆ ಬಂದು ಬಾಗಿಲು ತೆಗೆದ್ರೆ ಮನೆ ಹಾಗೇ ಇದೆ ನೋಡಿ.”

“ಹೂಂ,” ಅಂದ ಅವನು.

ಮರುದಿನ ಸೊಸೆಯ ತಾಯಿಯ ಮನೆಗೆ ಹೋದ. ಬಾಗಿಲು ತೆಗೆದವಳು ಸೊಸೆಯೇ. ಒಳಗಿನಿಂದ ಮಗು ಏನೋ ಓದುವ ದನಿ ಬರುತ್ತಿತ್ತು. ಅವಳು ಬಾಗಿಲಿನಲ್ಲೇ ನಿಂತಳು.

“ಪೇಪರಲ್ಲಿ ನೋಡಿದೆ,” ಅಂದಳು. “ಇರಿ, ಬಂದೆ.”

ಒಳಗೆ ಹೋಗಿ, ಟವೆಲಿನಲ್ಲಿ ಸುತ್ತಿದ ಒಂದು ಚೌಕಟ್ಟನ್ನು ತಂದುಕೊಟ್ಟಳು. ಬಿಚ್ಚಬೇಕಾಗಿರಲಿಲ್ಲ. ಮಗನ ಮನೆಯ ನಡುಮನೆಯಲ್ಲಿ ತೂಗುಹಾಕಿದ್ದ ಫೋಟೊ: ಹೆಲಿಕಾಪ್ಟರಿನ ಮುಂದೆ ಅಪ್ಪ, ಅಪ್ಪನ ದೊಡ್ಡ ಟೋಪಿ ಕಣ್ಣು ಮುಚ್ಚುವಂತೆ ಹಾಕಿಕೊಂಡ ಮಗ.

“ಇದು ನಿಮ್ಮ ಹತ್ರಾನೇ ಇರ್ಲಿ. ಮಗು ಕೇಳುತ್ತೆ, ನನಗೆ ಹೇಳೋಕೆ ಏನೂ ಇಲ್ಲ.”

“ಮಗು ಚೆನ್ನಾಗಿದೆಯಾ?”

“ಓದ್ತಿದೆ.”

ಅವಳು ಕಾದಳು. ಅವನು ಇನ್ನೇನಾದರೂ ಹೇಳುತ್ತಾನೆಂದು ಕಾದಳೋ, ಹೊರಡಲಿ ಎಂದು ಕಾದಳೋ, ಅವನಿಗೆ ತಿಳಿಯಲಿಲ್ಲ. ಯಂತ್ರದ ಗಡುವು ಮುಗಿಯುವವರೆಗೆ ಕಾನೂನನ್ನು ಕೆಡವಲು ಅವನ ಒಂದು ಮಾತು ಇನ್ನೂ ಸಾಕಿತ್ತು. ಆಕಾಶದಲ್ಲಿ ಎತ್ತರದಲ್ಲೊಂದು ವಿಮಾನ ಹಾದುಹೋಯಿತು. ಇಬ್ಬರೂ ಮೇಲೆ ನೋಡಲಿಲ್ಲ. ಅವನು ಚೌಕಟ್ಟನ್ನು ಕಂಕುಳಿಗೆ ಸೇರಿಸಿಕೊಂಡು ಮೆಟ್ಟಿಲಿಳಿದ.

ಕಾಣದ ವಿಮಾನವನ್ನು ಕಾಣ್ತಿದೆ ಎಂದು ತಾನು ಒಮ್ಮೆಯೂ ಹೇಳಿರಲಿಲ್ಲ ಎಂಬುದನ್ನು ಅವನು ಅವಳಿಗೆ ಹೇಳಲಿಲ್ಲ.